ಯಾವ ಪದರಕ್ಕೆ ಯಾವ ಆರೈಕೆ: ನೈಸರ್ಗಿಕ ಚರ್ಮಪೋಷಣೆಯ ಆಯ್ಕೆಗಳ ಹೋಲಿಕೆ

ಎಣ್ಣೆ, ಲೇಪ, ರಸ, ಪುಡಿಗಳ ನಡುವೆ ಆಯ್ಕೆ ಮಾಡಬೇಕಾದವರು ಸಾಮಾನ್ಯವಾಗಿ ಕೇಳುವುದು ಇವುಗಳಲ್ಲಿ ಯಾವುದು ಒಳ್ಳೆಯದು ಎಂದು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಎರಡು ಪ್ರಶ್ನೆಗಳಿವೆ: ತೊಂದರೆ ಇರುವುದು ಚರ್ಮದ ಯಾವ ಪದರದಲ್ಲಿ, ಮತ್ತು ಹಚ್ಚಲು ಹೊರಟಿರುವ ವಸ್ತು ಆ ಪದರವನ್ನು ತಲುಪಬಲ್ಲದೇ? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧಕ್ಕಿಂತ ಹೆಚ್ಚು ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ. ಗಿಡದಿಂದ ಬಂದ ವಸ್ತು, ಕಾರ್ಖಾನೆಯಿಂದ ಬಂದ ವಸ್ತು ಎಂಬ ವಿಂಗಡಣೆ ಚರ್ಮಕ್ಕೆ ತಿಳಿಯದು. ಅಣುವಿನ ಗಾತ್ರ, ಅದರ ಆಮ್ಲೀಯತೆ, ಅದು ಕೊಬ್ಬಿನಲ್ಲಿ ಕರಗುತ್ತದೋ ನೀರಿನಲ್ಲಿ ಕರಗುತ್ತದೋ ಎಂಬ ಸಂಗತಿಗಳಿಗೆ ಮಾತ್ರ ಅದು ಸ್ಪಂದಿಸುತ್ತದೆ.

ಪದರಗಳ ರಚನೆ

ವಯಸ್ಕರ ಚರ್ಮವನ್ನು ಹರಡಿದರೆ ಅದು ಸುಮಾರು 1.5ರಿಂದ 2 ಚದರ ಮೀಟರ್‌ನಷ್ಟಾಗುತ್ತದೆ. ಅದರಲ್ಲಿ ಮೇಲಿನಿಂದ ಕೆಳಕ್ಕೆ ಹೊರಚರ್ಮ, ಒಳಚರ್ಮ ಮತ್ತು ಅದರಡಿಯ ಕೊಬ್ಬಿನ ಪದರ ಎಂಬ ಮೂರು ಮುಖ್ಯ ಭಾಗಗಳಿವೆ. ಕೊಬ್ಬಿನ ಪದರವು ದೇಹದ ಶಾಖವನ್ನು ಉಳಿಸಿಕೊಂಡು, ಪೆಟ್ಟು ಬಿದ್ದಾಗ ಒಳಗಿನ ಅಂಗಗಳನ್ನು ಕಾಪಾಡುತ್ತದೆ. ಮೇಲಿನಿಂದ ಹಚ್ಚುವ ಯಾವ ಸೌಂದರ್ಯವರ್ಧಕಕ್ಕೂ ಅಲ್ಲಿ ಕೆಲಸವಿಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡಬಹುದು.

ಒಳಚರ್ಮವು ಚರ್ಮಕ್ಕೆ ಬಲ ಮತ್ತು ಸೆಳೆತ ಕೊಡುವ ಭಾಗ. ಕೊಲಾಜೆನ್ ನಾರುಗಳು ಅದರ ಒಣತೂಕದ ಬಹುಪಾಲು. ಅವುಗಳ ನಡುವೆ, ಎಳೆದರೆ ಹಿಗ್ಗಿ ಮತ್ತೆ ಮೊದಲಿನ ಸ್ಥಿತಿಗೆ ಮರಳುವ ಎಲಾಸ್ಟಿನ್ ನಾರುಗಳಿವೆ. ರಕ್ತನಾಳಗಳು, ನರಗಳು, ಕೂದಲಿನ ಬುಡಗಳು, ಬೆವರಿನ ಗ್ರಂಥಿಗಳು ಮತ್ತು ತೈಲಗ್ರಂಥಿಗಳು ನೆಲೆಸಿರುವುದು ಹೆಚ್ಚಾಗಿ ಇಲ್ಲಿಯೇ. ಹೊರಚರ್ಮದಲ್ಲಿ ರಕ್ತನಾಳಗಳಿಲ್ಲ, ಅದಕ್ಕೆ ಬೇಕಾದ ಪೋಷಣೆಯೆಲ್ಲ ಒಳಚರ್ಮದ ರಕ್ತದಿಂದ ಮೇಲಕ್ಕೆ ಒಸರಿ ಬರುತ್ತದೆ. ಹಾಗಾಗಿ ಲೇಪನದಿಂದ ಚರ್ಮಕ್ಕೆ 'ಆಹಾರ' ಕೊಡುತ್ತೇವೆ ಎಂಬ ಮಾತನ್ನು ಜಾಹೀರಾತಿನ ಮಾತೆಂದೇ ಭಾವಿಸಬೇಕು.

ನಮ್ಮ ಆಯ್ಕೆಗಳೆಲ್ಲ ನಿಂತಿರುವುದು ಹೊರಚರ್ಮದ ಮೇಲೆ. ಅದರ ದಪ್ಪ ಕಣ್ಣರೆಪ್ಪೆಯಲ್ಲಿ ಸುಮಾರು 0.05 ಮಿಲಿಮೀಟರ್, ಅಂಗೈ ಅಂಗಾಲುಗಳಲ್ಲಿ ಸುಮಾರು 1.5 ಮಿಲಿಮೀಟರ್. ಅದರ ತಳದ ಸಾಲಿನಲ್ಲಿ ಹೊಸ ಕೋಶಗಳು ಸತತವಾಗಿ ಹುಟ್ಟುತ್ತವೆ. ಅದೇ ಸಾಲಿನಲ್ಲಿರುವ ಮೆಲನೋಸೈಟ್‌ಗಳೆಂಬ ಕೋಶಗಳು ಮೆಲನಿನ್ ಎಂಬ ಬಣ್ಣದ ವಸ್ತುವನ್ನು ತಯಾರಿಸಿ ಸುತ್ತಲಿನ ಕೋಶಗಳಿಗೆ ಹಂಚುತ್ತವೆ. ಕಪ್ಪು ಚರ್ಮದಲ್ಲೂ ಬಿಳಿ ಚರ್ಮದಲ್ಲೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಅವು ತಯಾರಿಸುವ ಮೆಲನಿನ್‌ನ ಪ್ರಮಾಣ ಮತ್ತು ಬಗೆ. ತಳದಲ್ಲಿ ಹುಟ್ಟಿದ ಕೋಶವು ಮೇಲಕ್ಕೆ ಸರಿಯುತ್ತ, ಚಪ್ಪಟೆಯಾಗುತ್ತ, ಕೆರಟಿನ್ ಎಂಬ ಗಟ್ಟಿ ಪ್ರೋಟೀನನ್ನು ತುಂಬಿಕೊಳ್ಳುತ್ತ, ಕೊನೆಗೆ ಕೋಶಕೇಂದ್ರವನ್ನೂ ಕಳೆದುಕೊಂಡು ಮೇಲ್ಮೈಯಲ್ಲಿ ಸತ್ತ ಹಲ್ಲೆಯಾಗಿ ಉದುರುತ್ತದೆ. ಈ ಪ್ರಯಾಣಕ್ಕೆ ಯುವಕರಲ್ಲಿ ಸುಮಾರು ನಾಲ್ಕರಿಂದ ಆರು ವಾರ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ಯಾವುದೇ ಹೊಸ ಆರೈಕೆಯ ಫಲಿತಾಂಶವನ್ನು ಮೂರೇ ದಿನದಲ್ಲಿ ಅಳೆಯಬಾರದೆನ್ನಲು ಇದೊಂದೇ ಕಾರಣ ಸಾಕು.

ಎಲ್ಲಕ್ಕಿಂತ ಮೇಲಿರುವ ಸತ್ತ ಕೋಶಗಳ ಪದರಕ್ಕೆ ಶೃಂಗಪದರವೆಂದು ಹೆಸರು. ದೇಹದ ಬಹುಭಾಗದಲ್ಲಿ ಅದು ಹದಿನೈದು ಇಪ್ಪತ್ತು ಸಾಲುಗಳಷ್ಟೇ ಇದ್ದು, ದಪ್ಪ 0.01ರಿಂದ 0.02 ಮಿಲಿಮೀಟರ್. ಅದರ ರಚನೆಯನ್ನು ಇಟ್ಟಿಗೆಯ ಗೋಡೆಗೆ ಹೋಲಿಸುವುದು ಚರ್ಮಶಾಸ್ತ್ರದಲ್ಲಿ ರೂಢಿ: ಸತ್ತ ಕೋಶಗಳು ಇಟ್ಟಿಗೆಗಳು, ಅವುಗಳ ನಡುವಿನ ಕೊಬ್ಬಿನ ಮಿಶ್ರಣ ಗಾರೆ. ಈ ಗಾರೆಯಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಅರ್ಧದಷ್ಟು ಸೆರಮೈಡ್‌ಗಳು, ಕಾಲು ಭಾಗದಷ್ಟು ಕೊಲೆಸ್ಟರಾಲ್, ಉಳಿದದ್ದರಲ್ಲಿ ಹೆಚ್ಚಿನದು ಮೇದಾಮ್ಲಗಳು, ಅಂದರೆ ಎಣ್ಣೆ ಕೊಬ್ಬುಗಳ ಮೂಲ ಘಟಕಗಳು. ನೀರು ಒಳಗಿನಿಂದ ಆವಿಯಾಗಿ ಹೋಗದಂತೆ, ಹೊರಗಿನ ರಾಸಾಯನಿಕಗಳೂ ಸೂಕ್ಷ್ಮಜೀವಿಗಳೂ ಒಳಗೆ ಬಾರದಂತೆ ತಡೆಯುವುದು ಮುಖ್ಯವಾಗಿ ಈ ತೆಳುವಾದ ಪದರವೇ. ಒಣಚರ್ಮ, ತುರಿಕೆ, ತೊಳೆದ ಬಳಿಕದ ಬಿಗಿತ, ಸಣ್ಣ ಉರಿ ಮೊದಲಾದ ದಿನನಿತ್ಯದ ದೂರುಗಳಲ್ಲಿ ಬಹುಪಾಲು ಇದು ಕೆಟ್ಟಾಗ ಹುಟ್ಟುವಂಥವು. ಮನೆಯ ಆರೈಕೆ ಪರಿಣಾಮಕಾರಿಯಾಗಿ ನೆರವಾಗಬಲ್ಲದ್ದೂ ಇಲ್ಲಿಯೇ.

ಒಳಗಿಳಿಯುವ ವಸ್ತು, ಇಳಿಯದ ವಸ್ತು

2000ದಲ್ಲಿ ಚರ್ಮಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಲೇಖನವೊಂದು '500 ಡಾಲ್ಟನ್ ನಿಯಮ'ವನ್ನು ಮುಂದಿಟ್ಟಿತು (ಡಾಲ್ಟನ್ ಎಂದರೆ ಅಣುವಿನ ತೂಕದ ಮಾನ). ಅಣುವಿನ ತೂಕ 500 ಡಾಲ್ಟನ್ ದಾಟಿದರೆ ಆರೋಗ್ಯವಂತ ಶೃಂಗಪದರದ ಮೂಲಕ ಅದು ಒಳಗಿಳಿಯುವ ಸಾಧ್ಯತೆ ತೀರ ಕಡಿಮೆ ಎಂಬುದು ಅದರ ಸಾರ. ಇದು ಕಟ್ಟುನಿಟ್ಟಾದ ಗಡಿಯಲ್ಲದಿದ್ದರೂ ಆಯ್ಕೆಗೆ ಒಳ್ಳೆಯ ಅಳತೆಗೋಲು. ಗ್ಲಿಸರಿನ್ 92 ಡಾಲ್ಟನ್, ಸಿ ಜೀವಸತ್ವ 176, ಎ ಜೀವಸತ್ವದ ರೂಪವಾದ ರೆಟಿನಾಲ್ ಸುಮಾರು 286, ಇ ಜೀವಸತ್ವ ಸುಮಾರು 431. ಇನ್ನೊಂದು ಕಡೆ ಕೊಲಾಜೆನ್ ಅಣುವಿನ ತೂಕ ಸುಮಾರು 3 ಲಕ್ಷ ಡಾಲ್ಟನ್. ಅದನ್ನು ಮುಖಕ್ಕೆ ಹಚ್ಚಿಕೊಂಡು ಒಳಚರ್ಮದ ಕೊಲಾಜೆನ್ ಹೆಚ್ಚಲಿ ಎಂದು ಕಾಯುವುದು ವ್ಯರ್ಥ. ಮೇಲ್ಮೈಯಲ್ಲಿ ನೀರನ್ನು ಹಿಡಿದಿಡುವ ತೆಳು ಪೊರೆಯಾಗಿ ಅದು ಕೆಲಸ ಮಾಡೀತು, ಅದಕ್ಕೆ ಬೆಲೆ ಕೊಡಬೇಕೇ ಎಂಬುದು ಬೇರೆ ಮಾತು.

ಸಣ್ಣ ಅಣುಗಳೆಲ್ಲ ಒಳಗಿಳಿದು ಒಳ್ಳೆಯದನ್ನೇ ಮಾಡುತ್ತವೆ ಎಂದು ಇದರಿಂದ ಅರ್ಥವಾಗುವುದಿಲ್ಲ. ಸುಗಂಧ ತೈಲಗಳ ಘಟಕಗಳು ಬಹುತೇಕ ಪುಟ್ಟ ಅಣುಗಳು, ಕೊಬ್ಬಿನಲ್ಲಿ ಕರಗುವಂಥವು. ಹಾಗಾಗಿಯೇ ಅವು ಸುಲಭವಾಗಿ ಒಳಗಿಳಿದು ಅಲರ್ಜಿಯನ್ನೂ ಉಂಟುಮಾಡಬಲ್ಲವು. ಚರ್ಮದ ಅಲರ್ಜಿಗೆ ಕಾರಣವಾಗುವ ವಸ್ತುಗಳ ಪಟ್ಟಿಗಳಲ್ಲಿ ಸುಗಂಧದ್ರವ್ಯಗಳು ಮೊದಲ ಸಾಲಿನಲ್ಲಿ ಕಾಣಿಸಿಕೊಳ್ಳುತ್ತವೆ, ಅವು ಹೂವಿನಿಂದ ಬಂದಿರಲಿ, ಪ್ರಯೋಗಾಲಯದಿಂದ ಬಂದಿರಲಿ.

ತೊಳೆಯುವ ಆಯ್ಕೆಗಳು

ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾಗಿರುತ್ತದೆ. ಆಮ್ಲೀಯತೆಯ ಅಳತೆಯಾದ ಪಿಎಚ್ (7ಕ್ಕಿಂತ ಕಡಿಮೆಯಾದರೆ ಆಮ್ಲೀಯ, ಹೆಚ್ಚಾದರೆ ಕ್ಷಾರೀಯ) ಅಲ್ಲಿ ಸಾಮಾನ್ಯವಾಗಿ 4.5ರಿಂದ 5.5ರವರೆಗೆ. ಗಾರೆಯಂಥ ಕೊಬ್ಬನ್ನು ತಯಾರಿಸುವ ಕಿಣ್ವಗಳು ಈ ಆಮ್ಲೀಯತೆಯಲ್ಲೇ ಚೆನ್ನಾಗಿ ನಡೆಯುತ್ತವೆ. ಎಣ್ಣೆ ಮತ್ತು ಕ್ಷಾರದಿಂದ ತಯಾರಾದ ಸಾಂಪ್ರದಾಯಿಕ ಸಾಬೂನಿನ ಪಿಎಚ್ 9ರಿಂದ 10ರ ಆಸುಪಾಸು. ಕೈಯಿಂದ ತಯಾರಿಸಿದ್ದಾದರೂ, ಅದರಲ್ಲಿ ಎಷ್ಟೇ ಒಳ್ಳೆಯ ಎಣ್ಣೆ ಹಾಕಿದ್ದರೂ ಸಾಬೂನು ಸಾಬೂನಾಗಿರುವವರೆಗೆ ಅದು ಕ್ಷಾರೀಯವೇ. ಆರೋಗ್ಯವಂತ ಎಣ್ಣೆಚರ್ಮವು ಇದನ್ನು ಸಹಿಸಿಕೊಂಡು ಕೆಲವು ಗಂಟೆಗಳಲ್ಲಿ ಮೊದಲಿನ ಆಮ್ಲೀಯತೆಗೆ ಮರಳುತ್ತದೆ. ಒಣಚರ್ಮ, ಇಸುಬು (ಎಕ್ಸಿಮಾ) ಇರುವ ಚರ್ಮ, ಎಳೆ ಮಕ್ಕಳ ಮತ್ತು ವೃದ್ಧರ ಚರ್ಮ ಅಷ್ಟು ಬೇಗ ಚೇತರಿಸಿಕೊಳ್ಳುವುದಿಲ್ಲ. ಇಂಥವರಿಗೆ ಪಿಎಚ್ 5.5ರ ಆಸುಪಾಸಿನ, ಸುಗಂಧವಿಲ್ಲದ, ಸಾಬೂನು ರಹಿತ ಮಾರ್ಜಕವನ್ನೇ ಮೊದಲ ಆಯ್ಕೆಯಾಗಿ ಹೇಳುತ್ತೇನೆ, ಅದು ಗಿಡಮೂಲದ್ದಲ್ಲದಿದ್ದರೂ.

ಗಿಡಮೂಲದ ಆಯ್ಕೆಯೇ ಬೇಕೆನ್ನುವವರಿಗೆ ನುಣ್ಣಗೆ ಪುಡಿಮಾಡಿದ ಓಟ್ಸ್ ಒಳ್ಳೆಯದು. ಅದರಲ್ಲಿರುವ ಸಪೋನಿನ್‌ಗಳು ಮೃದುವಾಗಿ ಕೊಳೆ ತೆಗೆಯುತ್ತವೆ, ಬೀಟಾ ಗ್ಲೂಕನ್ ತೇವವನ್ನು ಹಿಡಿಯುತ್ತದೆ, ಅವೆನಾಂಥ್ರಮೈಡ್‌ಗಳೆಂಬ ಘಟಕಗಳು ಉರಿಯನ್ನು ಶಮನಗೊಳಿಸುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2003ರಲ್ಲಿ ಇಂಥ ನುಣ್ಣನೆಯ ಓಟ್ಸ್ ಪುಡಿಯನ್ನು ಚರ್ಮರಕ್ಷಕವೆಂದು ಮಾನ್ಯ ಮಾಡಿತು. ಮನೆಯ ಪದಾರ್ಥಗಳಲ್ಲಿ ಇಷ್ಟು ಗಟ್ಟಿಯಾದ ಬೆಂಬಲವಿರುವವು ವಿರಳ. ಜೇಡಿಮಣ್ಣಿನ ಲೇಪ ಎಣ್ಣೆಯನ್ನು ಹೀರುತ್ತದೆ, ಆದ್ದರಿಂದ ಎಣ್ಣೆಚರ್ಮಕ್ಕೆ ವಾರಕ್ಕೊಮ್ಮೆ ಪರವಾಗಿಲ್ಲ, ಒಣಚರ್ಮಕ್ಕೆ ಬೇಡ. ಎಣ್ಣೆಚರ್ಮದವರೂ ಅದು ಬಿರುಕು ಬಿಡುವಷ್ಟು ಒಣಗುವವರೆಗೆ ಕಾಯದೆ ತೊಳೆಯುವುದು ಲೇಸು. ಅಡುಗೆ ಸೋಡಾದ ಪಿಎಚ್ 8ಕ್ಕಿಂತ ಮೇಲಿರುವುದರಿಂದ ಅದನ್ನು ಮುಖಕ್ಕೆ ಉಜ್ಜುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಯಾವುದರಿಂದ ತೊಳೆದರೂ ನೀರು ಉಗುರುಬೆಚ್ಚಗಿರಲಿ. ಬಿಸಿನೀರು ಮೇಲ್ಮೈಯ ಕೊಬ್ಬನ್ನು ಹೆಚ್ಚಾಗಿ ಕರಗಿಸಿ ಒಯ್ಯುತ್ತದೆ.

ತೇವ ಉಳಿಸುವ ಆಯ್ಕೆಗಳು

ಆಯ್ಕೆಗಳು ಅತಿ ಹೆಚ್ಚಿರುವುದೂ ಗೊಂದಲ ಅತಿ ಹೆಚ್ಚಿರುವುದೂ ಇಲ್ಲಿಯೇ. ತೇವಕಾರಕಗಳು ಮೂರು ಬಗೆಯಲ್ಲಿ ಕೆಲಸ ಮಾಡುತ್ತವೆ. ಗ್ಲಿಸರಿನ್, ಜೇನು, ಲೋಳೆಸರ, ಯೂರಿಯಾ ನೀರನ್ನು ಸೆಳೆದು ಶೃಂಗಪದರದಲ್ಲಿ ಹಿಡಿದಿಡುತ್ತವೆ. ಎಣ್ಣೆಗಳು ಕೋಶಗಳ ನಡುವಿನ ಸಂದುಗಳನ್ನು ತುಂಬಿ ಚರ್ಮವನ್ನು ನುಣುಪಾಗಿಸುತ್ತವೆ. ಪೆಟ್ರೋಲಿಯಂ ಜೆಲ್ಲಿ, ಜೇನುಮೇಣ, ಕುರಿಯ ಉಣ್ಣೆಯಿಂದ ಬರುವ ಲ್ಯಾನೊಲಿನ್ ಮೇಲೆ ಮುಚ್ಚಳ ಹಾಕಿ ನೀರು ಆವಿಯಾಗದಂತೆ ತಡೆಯುತ್ತವೆ. ಎಣ್ಣೆಯಲ್ಲಿ ನೀರಿಲ್ಲ, ಹಾಗಾಗಿ ಒಣಗಿದ ಚರ್ಮಕ್ಕೆ ಬರೀ ಎಣ್ಣೆ ಹಚ್ಚಿದರೆ ಹೊಳಪು ಬಂದೀತೇ ಹೊರತು ತೇವ ಬರುವುದಿಲ್ಲ. ಸ್ನಾನವಾದ ಕೆಲವೇ ನಿಮಿಷಗಳಲ್ಲಿ, ಮೈ ಇನ್ನೂ ಹಸಿಯಾಗಿರುವಾಗ ಹಚ್ಚಿದರೆ ಅದೇ ಎಣ್ಣೆ ಒಳಗಿರುವ ನೀರನ್ನು ಉಳಿಸುತ್ತದೆ. ಬರೀ ಗ್ಲಿಸರಿನ್‌ಗೂ ಇದೇ ಬಗೆಯ ಮಿತಿಯಿದೆ. ಗಾಳಿ ತೀರ ಒಣಗಿರುವಲ್ಲಿ ಅದನ್ನು ಗಟ್ಟಿಯಾಗಿಯೇ ಹಚ್ಚಿದರೆ ಅದು ಚರ್ಮದ ಒಳಪದರಗಳಿಂದಲೇ ನೀರನ್ನು ಸೆಳೆಯಬಹುದು, ಆದ್ದರಿಂದ ನೀರು ಬೆರೆಸಿ ಹಚ್ಚಿ, ಮೇಲೊಂದು ಎಣ್ಣೆಯ ಪದರ ಕೊಡಬೇಕು.

ಎಣ್ಣೆಗಳ ನಡುವೆ ಆಯ್ಕೆ ಮಾಡಬೇಕಾದರೆ ನೋಡಬೇಕಾದದ್ದು ಅವುಗಳಲ್ಲಿರುವ ಮೇದಾಮ್ಲಗಳನ್ನು. ಲಿನೋಲಿಯಿಕ್ ಆಮ್ಲ ಚರ್ಮದ ಸೆರಮೈಡ್‌ಗಳ ರಚನೆಗೇ ಬೇಕಾದದ್ದು. ಓಲಿಯಿಕ್ ಆಮ್ಲವಾದರೋ ಗಾರೆಯ ಕೊಬ್ಬಿನ ಜೋಡಣೆಯನ್ನು ಸಡಿಲಿಸುತ್ತದೆ. ಔಷಧಗಳನ್ನು ಚರ್ಮದ ಮೂಲಕ ಒಳಕ್ಕೆ ಕಳಿಸಬೇಕಾದಾಗ ತಜ್ಞರು ಅದನ್ನು ಬಳಸಿಕೊಳ್ಳುವುದೂ ಇದೇ ಕಾರಣಕ್ಕೆ. ಆಲಿವ್ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಓಲಿಯಿಕ್ ಆಮ್ಲವಿರುತ್ತದೆ, ಬಾದಾಮಿ ಎಣ್ಣೆಯಲ್ಲೂ ಅದೇ ಪ್ರಧಾನ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಪ್ರಧಾನ. ಎಳ್ಳೆಣ್ಣೆಯಲ್ಲಿ ಎರಡೂ ಹೆಚ್ಚುಕಡಿಮೆ ಸಮ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಯಸ್ಕರ ಮುಂಗೈಗೆ ಕೆಲವು ವಾರಗಳ ಕಾಲ ಆಲಿವ್ ಮತ್ತು ಸೂರ್ಯಕಾಂತಿ ಎಣ್ಣೆಗಳನ್ನು ಹಚ್ಚಿ ನೋಡಿದಾಗ, ಆಲಿವ್ ಎಣ್ಣೆ ಹಚ್ಚಿದಲ್ಲಿ ಶೃಂಗಪದರದ ಒಗ್ಗಟ್ಟು ಕುಂದಿ ಸಣ್ಣ ಪ್ರಮಾಣದ ಕೆಂಪೂ ಕಾಣಿಸಿತು. ಸೂರ್ಯಕಾಂತಿ ಎಣ್ಣೆ ಹಚ್ಚಿದಲ್ಲಿ ತಡೆಗೋಡೆ ಉಳಿಯಿತು, ತೇವವೂ ಸುಧಾರಿಸಿತು. ಹಾಗೆಂದು ಸೂರ್ಯಕಾಂತಿ ಎಣ್ಣೆಯನ್ನು ಕಣ್ಣುಮುಚ್ಚಿ ಕೊಳ್ಳುವಂತಿಲ್ಲ. ಓಲಿಯಿಕ್ ಆಮ್ಲ ಹೆಚ್ಚಿರುವಂತೆ ಬೆಳೆಸಿದ ಸೂರ್ಯಕಾಂತಿಯ ತಳಿಗಳೂ ಇವೆ, ಅವುಗಳ ಎಣ್ಣೆ ಈ ವಿಷಯದಲ್ಲಿ ಆಲಿವ್ ಎಣ್ಣೆಗೇ ಹತ್ತಿರ. ನವಜಾತ ಶಿಶುಗಳ ಮೇಲೆ ಮುಂದೆ ನಡೆದ ಪರೀಕ್ಷೆಯೊಂದರಲ್ಲಿ ಆಲಿವ್, ಸೂರ್ಯಕಾಂತಿ ಎರಡೂ ಎಣ್ಣೆಗಳು ಶೃಂಗಪದರದ ಕೊಬ್ಬಿನ ಸಹಜ ಬೆಳವಣಿಗೆಯನ್ನು ನಿಧಾನಗೊಳಿಸಿದಂತೆ ಕಂಡಿತು. ಮೊದಲ ಕೆಲವು ವಾರ ಶಿಶುವಿನ ಚರ್ಮಕ್ಕೆ ಏನನ್ನು ಹಚ್ಚುವ ಮೊದಲೂ ವೈದ್ಯರನ್ನು ಕೇಳುವುದು ಅದಕ್ಕಾಗಿಯೇ ಒಳ್ಳೆಯದು.

ತೆಂಗಿನೆಣ್ಣೆ ಬೇರೆಯೇ ಗುಂಪಿನದು. ಅದರ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ, ಇದಕ್ಕೆ ಕೆಲವು ಬ್ಯಾಕ್ಟೀರಿಯಗಳನ್ನು ತಡೆಯುವ ಗುಣವಿದೆ. ಇಸುಬು ಇರುವ ಮಕ್ಕಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ತಾಜಾ ತೆಂಗಿನೆಣ್ಣೆ ಖನಿಜ ತೈಲಕ್ಕಿಂತ ಉತ್ತಮ ಫಲ ಕೊಟ್ಟಿತು. ಮೈಕೈಗಳ ಒಣಚರ್ಮಕ್ಕೆ ಇದನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಮೊಡವೆ ಬರುವ ಮುಖಕ್ಕೆ ಮಾತ್ರ ಬೇಡ; ರಂಧ್ರಗಳನ್ನು ಕಟ್ಟುವ ಪ್ರವೃತ್ತಿ ಅದಕ್ಕಿದೆ. ಅಂಥ ಮುಖಕ್ಕೆ ಎಣ್ಣೆಯೇ ಬೇಕೆಂದಾದರೆ ಹೊಹೊಬಾ ಗಿಡದ ಬೀಜದ ಎಣ್ಣೆ ಸೂಕ್ತ. ರಾಸಾಯನಿಕವಾಗಿ ಅದು ಎಣ್ಣೆಯೇ ಅಲ್ಲ, ದ್ರವರೂಪದ ಮೇಣ. ನಮ್ಮ ತೈಲಗ್ರಂಥಿಗಳ ಸ್ರಾವದಲ್ಲೂ ಇಂಥ ಮೇಣದ ಅಂಶವಿರುವುದರಿಂದ ಹಗುರವಾಗಿ ಬೆರೆಯುತ್ತದೆ, ಬೇಗ ಹಳಸುವುದೂ ಇಲ್ಲ. ಹರಳೆಣ್ಣೆ ಅಂಟು ಹೆಚ್ಚಿರುವುದರಿಂದ ತುಟಿ, ಹಿಮ್ಮಡಿಗಳಿಗೆ ಹೊಂದುತ್ತದೆ, ಮುಖವಿಡೀ ಬಳಿದುಕೊಳ್ಳಲು ಅಲ್ಲ.

ಪೆಟ್ರೋಲಿಯಂ ಜೆಲ್ಲಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ನೈಸರ್ಗಿಕ ಆರೈಕೆಯನ್ನು ಬಯಸುವವರು ಮೊದಲು ದೂರವಿಡುವುದು ಇದನ್ನೇ. 1872ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಈ ವಸ್ತು ಕಚ್ಚಾತೈಲದಿಂದ ಬಂದದ್ದು ನಿಜ. ಆದರೆ ಚೆನ್ನಾಗಿ ಶುದ್ಧೀಕರಿಸಿದ ಜೆಲ್ಲಿ ನೀರಿನ ಆವಿಯನ್ನು ತಡೆಯುವುದರಲ್ಲಿ ಎಲ್ಲ ಎಣ್ಣೆಗಳಿಗಿಂತ ಬಹಳ ಮುಂದಿದೆ, ಅದಕ್ಕೆ ಅಲರ್ಜಿಯಾಗುವುದು ತೀರ ಅಪರೂಪ. ಲ್ಯಾನೊಲಿನ್ ನೈಸರ್ಗಿಕವಾಗಿದ್ದೂ ಅಲರ್ಜಿಗೆ ಹೆಚ್ಚು ಹೆಸರಾದದ್ದು. ಬಿರಿದ ಹಿಮ್ಮಡಿಗೆ, ಒಡೆದ ಕೈಗೆ, ಇಸುಬಿನ ಕಲೆಗಳಿಗೆ ಜೆಲ್ಲಿಯನ್ನು ಕೇವಲ ಮೂಲದ ಕಾರಣಕ್ಕೆ ತಿರಸ್ಕರಿಸುವುದು ನನಗೆ ಸರಿಕಾಣುವುದಿಲ್ಲ. ಅದು ಜಿಗುಟು, ಬಟ್ಟೆಗೆ ಅಂಟುತ್ತದೆ, ಬೇಸಿಗೆಯಲ್ಲಿ ಮೈಮೇಲೆ ಇರಿಸಿಕೊಳ್ಳಲಾಗದು. ತಿರಸ್ಕರಿಸಲು ಇವು ನ್ಯಾಯವಾದ ಕಾರಣಗಳು.

ಸತ್ತ ಕೋಶ ತೆಗೆಯುವುದು

ಶೃಂಗಪದರದ ಹೊರಸಾಲುಗಳು ತಾವಾಗಿಯೇ ಉದುರುತ್ತವೆ, ಆದ್ದರಿಂದ ಅವುಗಳನ್ನು ತೆಗೆಯುವುದು ಅಗತ್ಯಕ್ಕಿಂತ ಹೆಚ್ಚಾಗಿ ಇಷ್ಟದ ವಿಷಯ. ತೆಗೆಯಬೇಕೆಂದರೆ ಒದ್ದೆಯಾದ ಮೆತ್ತನೆಯ ಬಟ್ಟೆ ಸಾಕು. ಹಣ್ಣಿನ ಬೀಜ ಅಥವಾ ಕಾಯಿಯ ಚಿಪ್ಪುಗಳ ಪುಡಿ, ಹರಳು ಸಕ್ಕರೆ, ಉಪ್ಪು ಇವೆಲ್ಲ ಚೂಪಾದ ಅಂಚುಗಳುಳ್ಳವು. ಅಂಗಾಲಿನ ದಪ್ಪ ಚರ್ಮ ಅದನ್ನು ತಾಳಿಕೊಳ್ಳುತ್ತದೆ, ಮುಖದ ಚರ್ಮ ತಾಳಿಕೊಳ್ಳಲಾರದು. ಮೊಡವೆಯ ಮೇಲೆ ಉಜ್ಜಿದರೆ ಉರಿಯೂತ ಹೆಚ್ಚುತ್ತದೆ. ಕಪ್ಪು ಮತ್ತು ಕಂದು ಚರ್ಮದಲ್ಲಿ ಅದು ತಿಂಗಳುಗಟ್ಟಲೆ ಉಳಿಯುವ ಕಲೆಯನ್ನೂ ಬಿಡುತ್ತದೆ.

ಆಮ್ಲಗಳದ್ದು ಇನ್ನೊಂದು ದಾರಿ. ಲ್ಯಾಕ್ಟಿಕ್ ಆಮ್ಲ, ಗ್ಲೈಕೋಲಿಕ್ ಆಮ್ಲ ಕೋಶಗಳನ್ನು ಹಿಡಿದಿಟ್ಟಿರುವ ಬಂಧಗಳನ್ನು ಸಡಿಲಿಸುತ್ತವೆ. ಇವು ಹಾಲು, ಕಬ್ಬು, ಹಣ್ಣುಗಳಲ್ಲಿ ಇರುವಂಥವೇ, ಆದರೆ ಸಿದ್ಧ ಉತ್ಪನ್ನದಲ್ಲಿ ಪ್ರಮಾಣವೂ ಪಿಎಚ್‌ಕೂಡ ಅಳತೆಗೆ ಒಳಪಟ್ಟಿರುತ್ತವೆ. ನಿಂಬೆರಸದಲ್ಲಿ ಆ ಅಳತೆಯಿಲ್ಲ. ಅದರ ಪಿಎಚ್ ಸುಮಾರು 2, ಅಂದರೆ ಚರ್ಮದ ಮೇಲ್ಮೈಗಿಂತ ನೂರಾರು ಪಟ್ಟು ಹೆಚ್ಚು ಆಮ್ಲೀಯ. ಅದಕ್ಕಿಂತ ದೊಡ್ಡ ಅಪಾಯ ಬಿಸಿಲಿನದು: ನಿಂಬೆಯ ಜಾತಿಯ ಹಣ್ಣುಗಳಲ್ಲಿರುವ ಫ್ಯೂರನೊಕೂಮರಿನ್‌ಗಳು ಅತಿನೇರಳೆ ಎ ಕಿರಣಗಳ ಜೊತೆ ಸೇರಿ ಚರ್ಮವನ್ನು ಸುಡುತ್ತವೆ. ಒಂದೆರಡು ದಿನಗಳ ಬಳಿಕ ಬೊಬ್ಬೆಗಳೇಳುತ್ತವೆ, ಅನಂತರ ಕಪ್ಪು ಕಲೆಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತವೆ. ಕಲೆ ಹೋಗಲೆಂದು ಹಚ್ಚಿದ ವಸ್ತುವೇ ಕಲೆ ತರುವುದಾದರೆ ಅದನ್ನು ಆಯ್ಕೆಗಳ ಸಾಲಿನಿಂದ ಪೂರ್ತಿ ಕೈಬಿಡುವುದೇ ಸರಿ. ಆಮ್ಲದ ಉತ್ಪನ್ನ ಬಳಸುವವರೂ ಹಗಲಲ್ಲಿ ಸನ್‌ಸ್ಕ್ರೀನ್ ಹಚ್ಚಿಕೊಳ್ಳಬೇಕು, ಏಕೆಂದರೆ ಚರ್ಮವು ಬಿಸಿಲಿಗೆ ಹೆಚ್ಚು ಸೂಕ್ಷ್ಮವಾಗಿರುತ್ತದೆ.

ಮೊಡವೆ, ಉರಿ, ಸಣ್ಣ ಗಾಯ

ಮೊಡವೆ ಹುಟ್ಟುವುದು ಕೂದಲಿನ ರಂಧ್ರ ಮತ್ತು ತೈಲಗ್ರಂಥಿ ಸೇರುವಲ್ಲಿ, ಅಂದರೆ ಮೇಲ್ಮೈಯಿಂದ ಸ್ವಲ್ಪ ಆಳದಲ್ಲಿ. ಆಸ್ಟ್ರೇಲಿಯಾದ ಮರವೊಂದರ ಎಲೆಗಳಿಂದ ಬರುವ ಟೀ ಟ್ರೀ ಎಣ್ಣೆಯ ಬಗ್ಗೆ ಆಧಾರವಿಲ್ಲದೆ ಮಾತನಾಡಬೇಕಿಲ್ಲ. 1990ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಪರೀಕ್ಷೆಯೊಂದು ಶೇ 5ರ ಟೀ ಟ್ರೀ ಎಣ್ಣೆಯನ್ನು ಮೊಡವೆಯ ಔಷಧವಾದ ಬೆಂಜಾಯಿಲ್ ಪೆರಾಕ್ಸೈಡ್‌ನ ಶೇ 5ರ ರೂಪಕ್ಕೆ ಹೋಲಿಸಿತು. ಎರಡೂ ಮೊಡವೆಗಳನ್ನು ಕಡಿಮೆ ಮಾಡಿದವು, ಎಣ್ಣೆ ನಿಧಾನವಾಗಿ ಕೆಲಸ ಮಾಡಿತು, ಅಡ್ಡಪರಿಣಾಮಗಳು ಎಣ್ಣೆಯ ಗುಂಪಿನಲ್ಲಿ ಕಡಿಮೆಯಿದ್ದವು. ಅವಸರವಿಲ್ಲದವರಿಗೆ, ಪೆರಾಕ್ಸೈಡ್‌ನಿಂದ ಚರ್ಮ ಒಣಗುವವರಿಗೆ ಇದು ಯೋಗ್ಯ ಆಯ್ಕೆ. ನೇರವಾಗಿ ಹಚ್ಚದೆ ತೆಳುಗೊಳಿಸಿಯೇ ಬಳಸಬೇಕು, ಮತ್ತು ಗಾಳಿ ಬೆಳಕಿಗೆ ಒಡ್ಡಿಕೊಂಡು ಹಳೆಯದಾದ ಸೀಸೆಯನ್ನು ಎಸೆಯಬೇಕು, ಏಕೆಂದರೆ ಆಕ್ಸಿಡೀಕರಣಗೊಂಡ ಎಣ್ಣೆಯೇ ಹೆಚ್ಚು ಅಲರ್ಜಿ ತರುವುದು.

ಲೋಳೆಸರದ ತಿಳಿಲೋಳೆಯಲ್ಲಿ ಶೇ 98ಕ್ಕೂ ಹೆಚ್ಚು ನೀರೇ ಇದೆ. ತಂಪು ಕೊಡುತ್ತದೆ, ಬಿಸಿಲಿನಿಂದ ಆದ ಉರಿಗೆ ಹಿತ. ಎಲೆಯನ್ನು ಕೊಯ್ದಾಗ ಸಿಪ್ಪೆಯ ಒಳಬದಿಯಿಂದ ಒಸರುವ ಹಳದಿ ರಸ ಬೇರೆ, ನಡುವಿನ ಲೋಳೆ ಬೇರೆ. ಹಳದಿ ರಸದಲ್ಲಿರುವ ಅಲೋಯಿನ್ ಚರ್ಮವನ್ನು ಕೆರಳಿಸಬಹುದು, ಹಾಗಾಗಿ ಎಲೆಯನ್ನು ಕೆಲಕಾಲ ನಿಲ್ಲಿಸಿ ಆ ರಸ ಸುರಿದುಹೋದ ಮೇಲೆ, ಚೆನ್ನಾಗಿ ತೊಳೆದು ಲೋಳೆಯನ್ನು ತೆಗೆಯಬೇಕು. ಜೇನು ಗಾಯಗಳಿಗೆ ಉಪಯುಕ್ತವೆನ್ನುವ ಅಧ್ಯಯನಗಳು ಬಹುಮಟ್ಟಿಗೆ ರೋಗಾಣುಮುಕ್ತಗೊಳಿಸಿದ ವೈದ್ಯಕೀಯ ದರ್ಜೆಯ ಜೇನಿನ ಮೇಲೆ ನಡೆದವು, ಭರಣಿಯ ಜೇನಿನ ಮೇಲಲ್ಲ. ಹಸಿಜೇನಿನಲ್ಲಿ ಬ್ಯಾಕ್ಟೀರಿಯದ ಬೀಜಕಗಳಿರಬಹುದಾದ್ದರಿಂದ ತೆರೆದ ಗಾಯಕ್ಕೆ ಅದು ಬೇಡ. ಅರಿಶಿನದ ಕರ್ಕ್ಯುಮಿನ್ ಉರಿಯೂತ ತಡೆಯುವುದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ, ಆದರೆ ನೀರಿನಲ್ಲಿ ಕರಗದ ಆ ವಸ್ತು ಲೇಪದಿಂದ ಚರ್ಮದೊಳಗೆ ಹೋಗುವುದು ಅಲ್ಪ. ಬಣ್ಣ ಮಾತ್ರ ಖಂಡಿತವಾಗಿ ಹತ್ತುತ್ತದೆ.

ಬಿಸಿಲು

ಇಲ್ಲಿ ಹೋಲಿಸಲು ಹೆಚ್ಚೇನೂ ಇಲ್ಲ. ಅತಿನೇರಳೆ ಬಿ ಕಿರಣಗಳು ಹೊರಚರ್ಮವನ್ನು ಸುಡುತ್ತವೆ. ಎ ಕಿರಣಗಳು ಒಳಚರ್ಮದವರೆಗೆ ಇಳಿದು ಕೊಲಾಜೆನ್ ನಾರುಗಳನ್ನು ಕೆಡಿಸುತ್ತವೆ, ಕಿಟಕಿಯ ಸಾಮಾನ್ಯ ಗಾಜನ್ನೂ ದಾಟಿ ಬರುತ್ತವೆ. ಯಾವ ಅಡುಗೆ ಎಣ್ಣೆಯೂ ಬೀಜದ ಎಣ್ಣೆಯೂ ನಂಬಬಹುದಾದ ರಕ್ಷಣೆ ಕೊಡುವುದಿಲ್ಲ. ಖನಿಜ ಮೂಲದ ಆಯ್ಕೆ ಬೇಕಾದವರಿಗೆ ಜಿಂಕ್ ಆಕ್ಸೈಡ್ ಇದೆ, ಅದು ಎ ಮತ್ತು ಬಿ ಎರಡೂ ಕಿರಣಗಳನ್ನು ತಡೆಯುತ್ತದೆ, ಸೂಕ್ಷ್ಮ ಚರ್ಮಕ್ಕೂ ಒಗ್ಗುತ್ತದೆ. ಕಪ್ಪು ಚರ್ಮದ ಮೇಲೆ ಬಿಳಿಯ ಛಾಯೆ ಉಳಿಯುವುದು ಅದರ ಕೊರತೆ. ಸನ್‌ಸ್ಕ್ರೀನ್‌ನ ರಕ್ಷಣೆಯ ಅಳತೆಯಾದ ಎಸ್‌ಪಿಎಫ್ 15 ಇದ್ದರೆ ಅದು ಬಿ ಕಿರಣಗಳ ಸುಮಾರು ಶೇ 93ನ್ನು, 30 ಸುಮಾರು ಶೇ 97ನ್ನು, 50 ಸುಮಾರು ಶೇ 98ನ್ನು ತಡೆಯುತ್ತದೆ. ಈ ಅಂಕಿಗಳು ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗಿನವು, ಬಹುತೇಕರು ಹಚ್ಚುವುದು ಅದರ ಅರ್ಧಕ್ಕಿಂತ ಕಡಿಮೆ. ಆದುದರಿಂದ 30 ಕೊಳ್ಳುವುದೋ 50 ಕೊಳ್ಳುವುದೋ ಎಂಬ ಚರ್ಚೆಗಿಂತ, ಕೊಂಡದ್ದನ್ನು ಧಾರಾಳವಾಗಿ ಹಚ್ಚಿ, ಹೊರಗಿರುವಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವುದು ಮುಖ್ಯ. ಅಗಲ ಅಂಚಿನ ಟೋಪಿ ಮತ್ತು ಒತ್ತಾಗಿ ನೇಯ್ದ ತುಂಬುತೋಳಿನ ಬಟ್ಟೆಯನ್ನು ಈ ಲೆಕ್ಕದಲ್ಲಿ ಅನೇಕರು ಮರೆಯುತ್ತಾರೆ. ಅವಕ್ಕೆ ಅಲರ್ಜಿಯೂ ಇಲ್ಲ, ಬೆವರಿಗೆ ಕರಗುವುದೂ ಇಲ್ಲ.

ಸುಕ್ಕು ಮತ್ತು ಒಳಚರ್ಮ

ಸುಕ್ಕು ಒಳಚರ್ಮದ ವಿಷಯ, ಹಾಗಾಗಿ ಮೇಲೆ ಹಚ್ಚುವ ಬಹುತೇಕ ವಸ್ತುಗಳಿಗೆ ಅದು ನಿಲುಕದು. ತೇವಕಾರಕದಿಂದ ಸಣ್ಣ ಗೆರೆಗಳು ಮರೆಯಾದಂತೆ ಕಂಡರೆ ಅದು ಶೃಂಗಪದರ ನೀರು ಕುಡಿದು ಉಬ್ಬಿದ್ದರ ಫಲ. ನಿಜವಾಗಿ ಕೊಲಾಜೆನ್‌ನ ಮೇಲೆ ಪರಿಣಾಮ ತೋರಿಸಿರುವವುಗಳಲ್ಲಿ ಎ ಜೀವಸತ್ವದ ರೂಪಗಳಾದ ರೆಟಿನಾಯ್ಡ್‌ಗಳು ಮುಖ್ಯ. ಅವು ಚರ್ಮವನ್ನು ಕೆಂಪಾಗಿಸಿ ಸಿಪ್ಪೆ ಏಳುವಂತೆ ಮಾಡುತ್ತವೆ, ಗರ್ಭಿಣಿಯರು ಬಳಸಬಾರದು. ಗಿಡಮೂಲದ ಪರ್ಯಾಯವಾಗಿ ಬಾವಂಚಿ ಬೀಜದಿಂದ ಬರುವ ಬಾಕುಚಿಯಾಲ್ ಇದೆ. 2019ರಲ್ಲಿ ಪ್ರಕಟವಾದ, 44 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ ಶೇ 0.5ರ ಬಾಕುಚಿಯಾಲ್ ಅಷ್ಟೇ ಪ್ರಮಾಣದ ರೆಟಿನಾಲ್‌ನಷ್ಟೇ ಸುಕ್ಕನ್ನು ಕಡಿಮೆ ಮಾಡಿತು, ಸಿಪ್ಪೆ ಏಳುವುದು ಮತ್ತು ಚುರುಕೆನ್ನುವುದು ರೆಟಿನಾಲ್ ಬಳಸಿದವರಲ್ಲೇ ಹೆಚ್ಚಿತ್ತು. ಚಿಕ್ಕ ಪರೀಕ್ಷೆ, ಆದರೂ ಭರವಸೆಯದು. ಶುದ್ಧೀಕರಿಸಿದ ಬಾಕುಚಿಯಾಲ್‌ಗೂ ಬಾವಂಚಿ ಬೀಜದ ಎಣ್ಣೆಗೂ ವ್ಯತ್ಯಾಸವಿದೆಯೆಂಬುದನ್ನು ಕೊಳ್ಳುವ ಮುನ್ನ ತಿಳಿದಿರಬೇಕು: ಬೀಜದಲ್ಲಿ ಸೊರಾಲೆನ್ ಎಂಬ ವಸ್ತುವೂ ಇದ್ದು, ಬಿಸಿಲು ತಗುಲಿದಾಗ ಅದು ಚರ್ಮವನ್ನು ಸುಡಬಲ್ಲದು.

ಸಿ ಜೀವಸತ್ವದ ಅಣು ಚಿಕ್ಕದಾದರೂ ಚರ್ಮದೊಳಗೆ ಇಳಿಯಲು ಅದರ ದ್ರಾವಣದ ಪಿಎಚ್ 3.5ಕ್ಕಿಂತ ಕೆಳಗಿರಬೇಕು, ಮತ್ತು ಬೆಳಕು ಗಾಳಿ ತಗುಲಿದರೆ ಅದು ಬೇಗ ಕೆಡುತ್ತದೆ. ಕಂದುಬಣ್ಣಕ್ಕೆ ತಿರುಗಿದ ಸೀಸೆಯಲ್ಲಿ ಉಳಿದದ್ದು ಬಹುಪಾಲು ನಿಷ್ಪ್ರಯೋಜಕ. ಹಣ್ಣಿನ ತಿರುಳನ್ನು ಮುಖಕ್ಕೆ ಬಳಿದುಕೊಂಡರೆ ಸಿ ಜೀವಸತ್ವ ಸಿಗುತ್ತದೆಂಬುದು ತಪ್ಪು ಕಲ್ಪನೆ. ಅದೇ ಹಣ್ಣನ್ನು ತಿಂದರೆ ರಕ್ತದ ಮೂಲಕ ಒಳಚರ್ಮಕ್ಕೆ ನಿಶ್ಚಯವಾಗಿ ತಲುಪುತ್ತದೆ.

ತಯಾರಿಸುವುದು, ಕೊಳ್ಳುವುದು, ಪರೀಕ್ಷಿಸುವುದು

ಮನೆಯಲ್ಲಿ ತಯಾರಿಸಿದ್ದೋ ಅಂಗಡಿಯದೋ ಎಂಬುದನ್ನು ನೀರಿನ ಅಂಶ ನೋಡಿ ತೀರ್ಮಾನಿಸುವುದು ಉತ್ತಮ. ನೀರಿಲ್ಲದ ಎಣ್ಣೆ, ಮೇಣ, ಒಣಪುಡಿಗಳಲ್ಲಿ ಸೂಕ್ಷ್ಮಜೀವಿಗಳು ಸುಲಭವಾಗಿ ಬೆಳೆಯುವುದಿಲ್ಲ, ಅವುಗಳನ್ನು ಮನೆಯಲ್ಲೇ ಬೆರೆಸಿಕೊಳ್ಳಬಹುದು. ಲೋಳೆಸರ, ಹೂವಿನ ನೀರು, ಹಣ್ಣಿನ ರಸ ಬೆರೆತ ಕ್ರೀಮುಗಳಿಗೆ ಸಂರಕ್ಷಕ ಬೇಕೇ ಬೇಕು. ಅದಿಲ್ಲದ ತಯಾರಿಕೆ ಫ್ರಿಜ್ಜಿನಲ್ಲಿಟ್ಟರೂ ಕೆಲವು ದಿನಗಳಲ್ಲಿ ಕೆಡುತ್ತದೆ, ಕೆಟ್ಟಿದ್ದು ಕಣ್ಣಿಗೆ ಮೂಗಿಗೆ ಗೊತ್ತಾಗುವ ಮೊದಲೇ ಬ್ಯಾಕ್ಟೀರಿಯ ತುಂಬಿರಬಹುದು. ಅಂಥವುಗಳ ವಿಷಯದಲ್ಲಿ ಸಂರಕ್ಷಕವಿರುವ ಸಿದ್ಧ ಉತ್ಪನ್ನವೇ ಹೆಚ್ಚು ಸುರಕ್ಷಿತ.

ಹೊಸದೇನನ್ನು ಬಳಸುವ ಮೊದಲೂ ಮುಂಗೈಯ ಒಳಬದಿಯಲ್ಲಿ ಒಂದೇ ಜಾಗಕ್ಕೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಬೇಕು. ಒಂದು ಗಂಟೆ ಕಾದು ಏನೂ ಆಗಲಿಲ್ಲವೆಂದು ಮುಖಕ್ಕೆ ಹಚ್ಚುವುದು ಪರೀಕ್ಷೆಯಾಗುವುದಿಲ್ಲ. ಕೆರಳಿಸುವ ವಸ್ತುವಿನ ಉರಿ ಬೇಗ ಕಾಣಿಸಿಕೊಂಡರೂ, ಸ್ಪರ್ಶದ ಅಲರ್ಜಿ ಎದ್ದು ಕಾಣಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಒಂದು ಬಾರಿಗೆ ಒಂದೇ ಹೊಸ ವಸ್ತುವನ್ನು ಸೇರಿಸಿದರೆ ತೊಂದರೆ ಬಂದಾಗ ಕಾರಣ ಹುಡುಕುವುದು ಸುಲಭ. ವರ್ಷಗಟ್ಟಲೆ ಒಗ್ಗಿದ್ದ ವಸ್ತುವಿಗೂ ಅಲರ್ಜಿ ಬೆಳೆಯಬಹುದು, ಆದ್ದರಿಂದ ಹಳೆಯದೆಂಬ ಕಾರಣಕ್ಕೆ ಯಾವುದನ್ನೂ ಅನುಮಾನದಿಂದ ಹೊರಗಿಡಬಾರದು.

ಆಕಾರ, ಬಣ್ಣ ಬದಲಾಗುತ್ತಿರುವ ಅಥವಾ 6 ಮಿಲಿಮೀಟರಿಗಿಂತ ದೊಡ್ಡದಾಗುತ್ತಿರುವ ಮಚ್ಚೆ, ವಾರಗಳು ಕಳೆದರೂ ಮಾಯದ ಹುಣ್ಣು, ಕೀವು ಮತ್ತು ಜ್ವರದೊಂದಿಗೆ ಬಂದ ಕೆಂಪು, ಗಂಟುಗಂಟಾಗಿ ಗುಳಿ ಬೀಳಿಸುವ ಮೊಡವೆ ಇವು ಈ ಹೋಲಿಕೆಯ ವ್ಯಾಪ್ತಿಗೆ ಬರುವುದಿಲ್ಲ. ಇವುಗಳನ್ನು ಕಂಡಾಗ ಯಾವ ಎಣ್ಣೆ ಹಚ್ಚಲಿ ಎಂದು ಯೋಚಿಸದೆ ನೇರವಾಗಿ ಚರ್ಮವೈದ್ಯರ ಬಳಿಗೆ ಹೋಗಬೇಕು, ಹೋಗುವ ಮೊದಲು ಆ ಜಾಗಕ್ಕೆ ಏನನ್ನೂ ಹಚ್ಚದಿದ್ದರೆ ಅವರಿಗೆ ಪರೀಕ್ಷಿಸುವುದೂ ಸುಲಭವಾಗುತ್ತದೆ.